ಡೀಸೆಲ್ ಮುಗಿಯದ ಟೆಂಪೋ

2014ರ ಜೂನ್ ತಿಂಗಳ ಆ ಸೋಮವಾರ ಯಲಹಂಕ ನ್ಯೂ ಟೌನಿನ ಗೇಮ್ ಕಂಪನಿಯಲ್ಲಿ ಯಾರಿಗೂ ಕಾಫಿ ಕುಡಿಯುವ ಮನಸ್ಸಾಗಲಿಲ್ಲ. ಒಂದೂವರೆ ವರ್ಷ ಕಷ್ಟಪಟ್ಟು ಕಟ್ಟಿದ ಆಟವನ್ನು ಬೇರೆ ಕಂಪನಿಯೊಂದು ಹೆಸರು ಬದಲಿಸಿ ಬಿಡುಗಡೆ ಮಾಡಿತ್ತು. ಚಿಕ್ಕಜಾಲದಿಂದ ಯಶವಂತಪುರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಟೆಂಪೋದ ಆಟವದು. ಅದಕ್ಕೆ ಚಿತ್ರ ಬರೆದಿದ್ದ ಸುರೇಶ್ ಕದ್ದ ಆಟವನ್ನು ಫೋನಿಗೆ ಇಳಿಸಿಕೊಂಡು ಆಡಿದ. ತಾನೇ ಬರೆದ ಹುಣಸೆಮರ, ತಾನೇ ಬಳಿದ ಹಳದಿ ಬಣ್ಣ. ಏಳು ಹಂತಗಳನ್ನೂ ಒಂದೇ ಏಟಿಗೆ ದಾಟಿದ. ಟೆಂಪೋ ಎಲ್ಲೂ ನಿಲ್ಲಲಿಲ್ಲ.

ಮಾಲೀಕ ಶಿವರಾಮ್ ಎಲ್ಲರ ಎದುರು, ಆಟದ ಲೆಕ್ಕಾಚಾರ ಬರೆಯುವ ವನಿತಾಳನ್ನು ಕಳ್ಳಿ ಎಂದರು. ಎರಡು ವಾರದ ಹಿಂದೆ ಅವಳ ಕಂಪ್ಯೂಟರಿನಿಂದ ಇಡೀ ಆಟ ಪೆನ್‌ಡ್ರೈವಿಗೆ ಹೋಗಿತ್ತು. ಬಾಗಲಗುಂಟೆಯ ಮನೆಯಲ್ಲಿ ಕೆಲಸ ಮುಗಿಸಲು ಒಯ್ದೆ ಎಂದು ಅವಳೂ ಮುಚ್ಚಿಡಲಿಲ್ಲ. ಸಂಜೆಯೊಳಗೆ ಒಪ್ಪದಿದ್ದರೆ ಪೊಲೀಸರಿಗೆ ದೂರು ಎಂದರು ಶಿವರಾಮ್. ಕಳ್ಳಿ ಎಂಬ ಹೆಸರು ಹೊತ್ತವಳಿಗೆ ಈ ಊರಿನ ಯಾವ ಗೇಮ್ ಕಂಪನಿ ಬಾಗಿಲು ತೆಗೆದೀತು?

ಸುರೇಶ್ ನೇರವಾಗಿ ಪದ್ಮಶ್ರೀಯ ಮೇಜಿಗೆ ಹೋದ. ನಲವತ್ತೈದು ದಾಟಿದ ಈಕೆ ಪೀಣ್ಯದ ಕಾರ್ಖಾನೆಯಲ್ಲಿ ಹದಿನೈದು ವರ್ಷ ಬೇರಿಂಗ್ ತಪಾಸಣೆ ಮಾಡಿ, ಈಗ ಇಲ್ಲಿ ಆಟಗಳ ತಪ್ಪು ಹುಡುಕುತ್ತಿದ್ದರು. ಆಫೀಸಿನಲ್ಲಿ ಏನು ಕಳೆದರೂ ಎಲ್ಲರೂ ಓಡುವುದು ಈ ಪದ್ಮಕ್ಕನ ಹತ್ತಿರವೇ.

"ಕಳ್ಳನ್ನ ಆಮೇಲೆ ಹುಡುಕೋಣ ಕಣೋ. ಕದ್ದ ಮಾಲು ಯಾವುದು ಅಂತ ಮೊದ್ಲು ನೋಡ್ಬೇಕು," ಎಂದರು ಆಕೆ.

ಊಟ ಬಿಟ್ಟು ಕದ್ದ ಆಟವನ್ನು ಆಡಿದರು. ನಡುವೆ, ನಮ್ಮ ಆಟದಲ್ಲಿ ನೀವು ಎಷ್ಟು ಹಂತ ಮುಟ್ಟಿದ್ದೀರಿ ಎಂದು ಶಿವರಾಮ್ ಅವರನ್ನು ಸುಮ್ಮನೆ ಕೇಳಿದರು. ಮೇ ತಿಂಗಳಲ್ಲಿ ನೆಂಟರ ಮದುವೆಯಲ್ಲಿ ಏಳೂ ಮುಗಿಸಿ ತೋರಿಸಿದೆ ಎಂದು ಅವರು ಬೀಗಿದರು. ಸುರೇಶನಿಗೆ ನಗು ಬಂತು. ಸಾಹೇಬರ ಟೆಂಪೋ ಆಟದ ನಡುವೆ ಬರುವ ಹೆಬ್ಬಾಳದ ಫ್ಲೈಓವರ್ ಹತ್ತಿದ್ದನ್ನು ಅವನು ಒಮ್ಮೆಯೂ ಕಂಡಿರಲಿಲ್ಲ.

ನಾಲ್ಕು ಗಂಟೆಗೆ ಪದ್ಮಶ್ರೀ ಎಲ್ಲರನ್ನೂ ಕೂರಿಸಿದರು.

"ರಸ್ತೆ, ತಿರುವು ಹಾಕೋದು ನರೇಂದ್ರ. ಎಷ್ಟು ಡೀಸೆಲ್, ಎಷ್ಟು ದೂರ ಅನ್ನೋ ಲೆಕ್ಕ ವನಿತಾದು. ಮಾರ್ಚ್‌ನಿಂದ ಅವಳ ಹತ್ರ ಇರೋ ಪ್ರತಿ ಕಾಪಿಯಲ್ಲೂ ಡೀಸೆಲ್ ಮುಗಿಯುತ್ತೆ. ಪೆನ್‌ಡ್ರೈವ್ ಈಗ ನೋಡಿದೆ, ಅದರಲ್ಲೂ ಮುಗಿಯುತ್ತೆ. ಕದ್ದ ಆಟದಲ್ಲಿ ಮಾತ್ರ ಮುಗಿಯಲ್ಲ. ಆದ್ರೆ ಸುರೇಶ ಹುಣಸೆಮರ ಬರೆದಿದ್ದೇ ಏಪ್ರಿಲ್‌ನಲ್ಲಿ, ಅದು ಅಲ್ಲಿದೆ. ಅಂದ್ರೆ ಏಪ್ರಿಲ್ ಆದ್ಮೇಲೆ ಯಾರೋ ಬೇಕಂತಲೇ ಡೀಸೆಲ್ ತೆಗೆದು ಒಂದು ಕಾಪಿ ಮಾಡಿದ್ದಾರೆ. ಆ ಕಾಪಿ ತಪಾಸಣೆಗೆ ನನ್ನ ಕೈಗೆ ಬಂದೇ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನರೇಂದ್ರ ಎದ್ದು ನಿಂತ. "ನಾನೇ ಮಾಡ್ಕೊಟ್ಟೆ ಅಕ್ಕ. ಮದುವೇಲಿ ತೋರಿಸ್ಬೇಕು, ಸೋಲಬಾರದು ಅಂದ್ರು ಸಾರ್. ಅವರ ಫೋನ್‌ಗೆ ಮಾತ್ರ ಹಾಕಿದ್ದೆ."

"ಆ ಫೋನಿಂದ ಯಾರಿಗೆ ಕಳಿಸಿದ್ರಿ ಸಾರ್?" ಎಂದರು ಪದ್ಮಶ್ರೀ.

ಷಡ್ಡಕ ಕದಿರಪ್ಪನಿಗೆ, ಅವನ ಮಕ್ಕಳು ಆಡಲಿ ಅಂತ ಕಳಿಸಿದ್ದೆ ಎಂದರು ಶಿವರಾಮ್. ಕದಿರಪ್ಪ ಕೆಲಸ ಮಾಡುತ್ತಿದ್ದುದು ಆ ಇನ್ನೊಂದು ಕಂಪನಿಯಲ್ಲೇ. ಮನೆಯವನು ಎಂದು ಅನುಮಾನವೇ ಬರಲಿಲ್ಲವಂತೆ. ದುಡಿಯುವವಳ ಮೇಲೆ ಗೂಬೆ ಕೂರಿಸುವುದು ಸುಲಭವಾಗಿತ್ತು.

ಆಗಿದ್ದು ಆಗಿಹೋಯಿತು, ನಾಳೆಯಿಂದ ಕೆಲಸಕ್ಕೆ ಬಾ ಎಂದರು ವನಿತಾಳಿಗೆ. ಅವಳು ಕುಳಿತಲ್ಲಿಂದ ಏಳಲಿಲ್ಲ.

"ಎಲ್ಲರ ಮುಂದೆ ಕಳ್ಳಿ ಅಂದ್ರಿ ಸಾರ್. ಈಗ ಎಲ್ಲರೂ ಇಲ್ಲೇ ಇದ್ದಾರೆ."

ಶಿವರಾಮ್ ತಲೆ ತಗ್ಗಿಸಿ, ವನಿತಾ ಕದ್ದಿಲ್ಲ, ತಪ್ಪು ನನ್ನದು ಎಂದರು. ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎಂದಳು ವನಿತಾ. ಅವರು ಎದ್ದು ನಿಂತು ಇನ್ನೊಮ್ಮೆ ಹೇಳಿದರು.