ಒಂಟೆಯ ಕೆಂಪು ಬೀಗ

"ಅಕ್ಕಾ, ಅವನನ್ನ ಕೊಂದಿದ್ದು ನಾನೇ ಅಂತಿದಾರೆ. ನಿಜಾನೇನೋ ಅಂತ ನಂಗೂ ಅನ್ನಿಸ್ತಿದೆ," ಎಂದ ಕುಳ್ಳ. ಅವನ ಹಳದಿ ಹಿಡಿದ ಕೈಗಳು ಮೊಣಕಾಲ ಮೇಲೆ ಸುಮ್ಮನೆ ಬಿದ್ದಿದ್ದವು.

ಅಕ್ಕ ನಮ್ಮ ಬಣ್ಣದ ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಏನೇ ಎಡವಟ್ಟಾದರೂ ಅದರ ಬುಡ ಹುಡುಕುವವರು ಅವರು. ಅವರ ಹಿಂದೆ ಟಾರ್ಚು ಹಿಡಿದು ಓಡಾಡುವವನು ನಾನು.

ಅಂದು ಬೆಳಿಗ್ಗೆ, ರಾತ್ರಿ ಪಾಳಿಯ ಆಪರೇಟರ್, ಬಣ್ಣ ತಯಾರಾಗುವ ದೊಡ್ಡ ಹಂಡೆಯಂಥ ರಿಯಾಕ್ಟರಿನೊಳಗೆ ಸತ್ತು ಬಿದ್ದಿದ್ದ. ಉದ್ದಕ್ಕಿದ್ದವನನ್ನು ಎಲ್ಲರೂ ಒಂಟೆ ಎನ್ನುತ್ತಿದ್ದರು. ಗೋಡೆಗಂಟಿದ ಬಣ್ಣ ಕೆರೆಯಲು ಇಳಿದವನ ಮೇಲೆ ಯಾರೋ ನೈಟ್ರೋಜನ್ ಬಿಟ್ಟಿದ್ದರು. ವಾಸನೆಯಿಲ್ಲದ ಆ ಅನಿಲ ಗಾಳಿಯನ್ನು ಹೊರಗೆ ತಳ್ಳಿ, ಮನುಷ್ಯನನ್ನು ಕೂಗಲೂ ಬಿಡದೆ ಮಲಗಿಸುತ್ತದೆ. ರಿಯಾಕ್ಟರಿನ ಬಾಯಿ ಬಳಿ ಕಾವಲಿದ್ದವನನ್ನು, ಬಸ್ಸು ತಪ್ಪುತ್ತದೆ ಹೋಗು ಎಂದು ಒಂಟೆಯೇ ಕಳಿಸಿದ್ದ. ಒಂಟೆಗೆ ಮನೆಯ ಅವಸರವಿರಲಿಲ್ಲ. ಮುಂದಿನ ಮಾಲಿಗೆಂದು ನೈಟ್ರೋಜನ್ ವಾಲ್ವ್ ತಿರುಗಿಸಿದ್ದು ಬೆಳಗಿನ ಪಾಳಿಯ ಕುಳ್ಳ. ಮುಚ್ಚಳ ಹಾಕಲು ಹೋಗಿ ಹೆಣ ನೋಡಿದವನೂ ಅವನೇ.

ರಿಯಾಕ್ಟರಿಗೆ ಇಳಿಯುವವನು ವಾಲ್ವಿಗೆ ತನ್ನ ಕೆಂಪು ಬೀಗ ಜಡಿದು ಕೀ ಜೇಬಿಗಿಟ್ಟುಕೊಳ್ಳಬೇಕು.

"ಬೀಗ ಇರ್ಲಿಲ್ಲ ಅಕ್ಕಾ. ಬೀಗ ಇಲ್ಲ ಅಂದ್ರೆ ಒಳಗೆ ಯಾರೂ ಇಲ್ಲ ಅಂತ ತಾನೆ? ಇನ್‌ಚಾರ್ಜ್ ಬಿಡು ಅಂದ್ರು, ಬಿಟ್ಟೆ."

ಶಿಫ್ಟ್ ಇನ್‌ಚಾರ್ಜ್ ಹೇಳಿದ್ದೇ ಬೇರೆ. ಒಂಟೆ ಬೀಗ ಹಾಕದೆ ಇಳಿದಿದ್ದಾನೆ, ಕುಳ್ಳ ಯಾರನ್ನೂ ಕೇಳದೆ ತಿರುಗಿಸಿದ್ದಾನೆ, ತಾನು ಬೀಗದ ಮುಖವನ್ನೇ ನೋಡಿಲ್ಲ. ಒಬ್ಬ ಹೆಣ, ಇನ್ನೊಬ್ಬ ಜೈಲಿಗೆ. ಆಡಳಿತಕ್ಕೆ ಹೇಳಿ ಮಾಡಿಸಿದಂಥ ಕತೆ.

ಅಕ್ಕ, ಕೆಲಸ ಮುಗಿದ ಮೇಲೆ ಬೀಗ ತೂಗುಹಾಕುವ ಹಲಗೆಯ ಮುಂದೆ ನಿಂತರು. ಉಳಿದವರ ಬೀಗಗಳು ಬಾಯಿ ತೆರೆದು, ಕೀ ಸಿಕ್ಕಿಸಿಕೊಂಡೇ ನೇತಾಡುತ್ತಿದ್ದವು. ಬಾಯಿ ಮುಚ್ಚದೆ ಇವುಗಳ ಕೀ ಹೊರಬರುವುದಿಲ್ಲ. ಒಂಟೆಯದು ಮಾತ್ರ ಮುಚ್ಚಿತ್ತು. ಅದರ ಕೀ ಹೆಣದ ಜೇಬಿನಲ್ಲಿ ಸಿಕ್ಕಿತ್ತು. ಅಕ್ಕ ಬೀಗದ ತಳ ಒರೆಸಿದರು. ಬೆರಳಿಗೆ ಹಸಿ ಹಳದಿ ಹತ್ತಿತು. ವಾಲ್ವಿನ ಮೇಲಿನ ಕೊಳವೆಯಿಂದ ಅದೇ ಹಳದಿ ತೊಟ್ಟಿಕ್ಕುತ್ತಿತ್ತು.

ಆಮೇಲೆ ಗೇಟಿಗೆ ಹೋದೆವು. ಒಳಗೆ ಫೋನು ಒಯ್ಯುವಂತಿಲ್ಲ, ಗೇಟಿನ ಪೆಟ್ಟಿಗೆಗಳಲ್ಲಿಡಬೇಕು. ಪಾಳಿ ಬದಲಾದ ಮೇಲೆ ಒಂದು ಪೆಟ್ಟಿಗೆ ಒಂದೇ ಸಮ ಬಡಿದುಕೊಳ್ಳುತ್ತಿತ್ತು, ಯಾರದೋ ಹೆಂಡತಿಯಿರಬೇಕೆಂದು ಸುಮ್ಮನಾದೆ ಎಂದ ಗೇಟಿನ ಕಾವಲುಗಾರ. ಅದು ಒಂಟೆಯ ಪೆಟ್ಟಿಗೆ. ಕಚೇರಿಯ ಫೋನಿನಿಂದ ಕರೆ ಮಾಡಿದ್ದವನು ಇನ್‌ಚಾರ್ಜ್.

ಮಧ್ಯಾಹ್ನ ಎಲ್ಲರೂ ಕ್ಯಾಂಟೀನಿನಲ್ಲಿ ಸೇರಿದರು: ಮ್ಯಾನೇಜರ್, ಇನ್‌ಚಾರ್ಜ್, ಕಾವಲುಗಾರ, ಮೂಲೆಯಲ್ಲಿ ಕುಳ್ಳ.

ಅಕ್ಕ ಬೀಗವನ್ನು ಮೇಜಿನ ಮೇಲಿಟ್ಟು ಹೇಳತೊಡಗಿದರು. ಹಸಿ ಬಣ್ಣವಿದೆ, ಅಂದರೆ ಈ ಬೀಗ ಇವತ್ತು ವಾಲ್ವಿನ ಮೇಲಿತ್ತು. ಒಂಟೆಯ ಕೀ ಒಂಟೆಯ ಜೊತೆ ಒಳಗೇ ಇತ್ತು, ಅಂದರೆ ತೆಗೆದದ್ದು, ಆಪತ್ತಿಗೆಂದು ಪ್ರತಿ ಬೀಗಕ್ಕೂ ಇರುವ ಇನ್ನೊಂದು ಕೀ. ಅದು ಇರುವುದು ಇನ್‌ಚಾರ್ಜ್ ಮೇಜಿನಲ್ಲಿ. ಅದನ್ನು ವಾಪಸು ಅಲ್ಲೇ ಇಡಬೇಕೆಂದರೆ ಬೀಗದ ಬಾಯಿ ಮುಚ್ಚಲೇಬೇಕು. ಹಾಗೆ ಮುಚ್ಚಿ ಹಲಗೆಗೆ ಹಾಕಿದ್ದಾರೆ.

"ಬೀಗಾನೇ ನೋಡಿಲ್ಲ ಅಂದ್ರಲ್ಲ. ಮತ್ತೆ ಅವನಿಗೆ ಫೋನ್ ಯಾಕೆ ಮಾಡಿದ್ರಿ?"

ಬೀಗ ಹಾಕಿ ಮರೆತು ಮನೆಗೆ ಹೋಗುವವರು ನಮ್ಮಲ್ಲಿ ಹಲವರಿದ್ದಾರೆ. ಅಂಥ ಬೀಗ ತೆಗೆಯುವ ಮುಂಚೆ ಮನೆಗೆ ಫೋನು ಮಾಡಿ, ಆಸಾಮಿ ತಲುಪಿದ್ದಾನೆಂದು ಖಾತ್ರಿ ಮಾಡಿಕೊಳ್ಳಬೇಕು.

"ಎತ್ಲಿಲ್ಲ," ಎಂದ ಇನ್‌ಚಾರ್ಜ್. "ಮಲಗಿರ್ತಾನೆ ಅಂದ್ಕೊಂಡೆ. ಮಾಲು ತಡ ಆಗಿತ್ತು, ಮೇಲಿನವರು ತಲೆ ತಿಂತಿದ್ರು. ಇಣುಕಿ ನೋಡ್ಬೇಕಿತ್ತು."

"ಬೇರೆ ಯಾರ ಮನೆಗಾದ್ರೂ ಮಾಡಿದ್ರೆ ಹೆಂಡ್ತಿನೋ ಅಮ್ಮನೋ ಎತ್ತಿ, ಇನ್ನೂ ಬಂದಿಲ್ಲ ಅಂತಿದ್ರು. ಮನೆಯವರ ನಂಬರ್ ಕೊಡು ಅಂದಾಗ ಒಂಟೆ ತನ್ನದನ್ನೇ ಕೊಟ್ಟಿದ್ದ. ಯಾರೂ ಎತ್ತದೇ ಇದ್ದಿದ್ದನ್ನ ನೀವು ಉತ್ತರ ಅಂದ್ಕೊಂಡ್ರಿ," ಎಂದರು ಅಕ್ಕ.

ಪೊಲೀಸರು ಇನ್‌ಚಾರ್ಜನನ್ನು ಕರೆದುಕೊಂಡು ಹೋದರು. ಕುಳ್ಳನಿಗೆ ಮನೆಗೆ ಹೋಗಬಹುದು ಎಂದರು. ಅವನು ನಮ್ಮ ಹಿಂದೆಯೇ ಆಸ್ಪತ್ರೆಗೆ ಬಂದ.

ಹೆಣ ಒಪ್ಪಿಸಿಕೊಳ್ಳಲು ಯಾರೂ ಬಂದಿರಲಿಲ್ಲ. ಕುಳ್ಳ ಶವಾಗಾರದ ಕಿಟಕಿಯ ಮುಂದೆ ನಿಂತು, ತಾನು ತೆಗೆದುಕೊಂಡು ಹೋಗುತ್ತೇನೆ ಎಂದ.

"ಅವ್ರು ನಿಮಗೆ ಏನಾಗ್ಬೇಕು?" ಗುಮಾಸ್ತೆ ಕೇಳಿದಳು.

ಕುಳ್ಳ ಹಳದಿ ಕೈಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ.

"ದಿನಾ ಅವನು ಪಾಳಿ ಮುಗಿಸಿ ಹೋಗೋವಾಗ ನಾನು ಬರ್ತಿದ್ದೆ," ಎಂದ.