ಐವತ್ತು ನಿಮಿಷದ ಗಂಟೆ

ಸೆಪ್ಟೆಂಬರಿನ ಮೂರನೆಯ ವಾರ. ಬೇಲಿಯಾಚೆ ಕ್ಯಾನ್ಸಸ್ಸಿನ ಹೊಲಗಳಲ್ಲಿ ಗೋಧಿಯ ಬಿತ್ತನೆ ನಡೆದಿತ್ತು. ಬೇಲಿಯೀಚೆ, ಫೋರ್ಟ್ ಹ್ಯಾಲರನ್ನಿನ ಹಣಕಾಸು ಕಚೇರಿಯಲ್ಲಿ, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಸರ್ಕಾರದ ವರ್ಷ ತಿಂಗಳ ಕೊನೆಗೆ ಮುಗಿಯುತ್ತದೆ. ಗೋಧಿಯೂ ಅಷ್ಟರಲ್ಲಿ ನೆಲ ಸೇರಿರಬೇಕು. ವರ್ನಾ ಸ್ಟಕಿಗೆ ಎರಡೂ ಕೆಲಸ ಗೊತ್ತಿತ್ತು. ಮನೆಯಲ್ಲಿ ಹೊಲ, ಇಲ್ಲಿ ಮೂವತ್ತೊಂದು ವರ್ಷದ ನೌಕರಿ.

ಗುರುವಾರ ಮಧ್ಯಾಹ್ನ ಎರಡಕ್ಕೆ ಅವಳು ಬೀರು ತೆರೆದಳು. ತಗಡಿನ ಪೆಟ್ಟಿಗೆ ಇದ್ದಲ್ಲೇ ಇತ್ತು. ಎತ್ತಿದ ಕೂಡಲೇ ಕೈಗೆ ಗೊತ್ತಾಯಿತು. ಖಾಲಿ.

ಸೇನಾ ಹಣಕಾಸು ನಿರ್ವಾಹಕರ ಸಂಘದ ಸ್ಥಳೀಯ ಶಾಖೆಗೆ ಅವಳೇ ಖಜಾಂಚಿ. ಶನಿವಾರ ಸದಸ್ಯರು ಮನೆಯಲ್ಲಿ ಮಾಡಿದ ಹಣ್ಣಿನ ಪೈ ತಿಂಡಿಗಳನ್ನು ಹರಾಜು ಹಾಕಿ, ಸೈನಿಕರ ಮಕ್ಕಳ ಓದಿಗೆಂದು ಮೂರು ಸಾವಿರದ ಎಂಟುನೂರ ನಲವತ್ತು ಡಾಲರ್ ಕೂಡಿಸಿದ್ದರು. ವರ್ನಾ ಅದನ್ನು ಎಣಿಸಿ, ಬೀಜದ ಚೀಲದ ಕಂದು ಕಾಗದದ ಪಟ್ಟಿ ಸುತ್ತಿ, ತನ್ನ ಹೆಸರಿನ ಮೊದಲಕ್ಷರ ಹಾಕಿ ಇಟ್ಟಿದ್ದಳು. ಶುಕ್ರವಾರ ಬ್ಯಾಂಕಿಗೆ ಕಟ್ಟಬೇಕಿತ್ತು.

ಬೀರು ಒಡೆದಿರಲಿಲ್ಲ. ಬೀಗದ ಕೈ ಅವಳ ಸ್ವೆಟರಿನ ಜೇಬಿನಲ್ಲಿರುತ್ತಿತ್ತು; ಅದು ಕಚೇರಿಯವರಿಗೆಲ್ಲ ಗೊತ್ತು. ಸೆಕೆಯೆಂದು ಅವಳು ಸ್ವೆಟರನ್ನು ಕುರ್ಚಿಯ ಬೆನ್ನಿಗೆ ಹಾಕಿ ಹನ್ನೆರಡಕ್ಕೆ ಸಂಘದ ಊಟಕ್ಕೆ, ಅಲ್ಲಿನ ಭಾಷಣಕ್ಕೆ ಹೋಗಿದ್ದಳು.

* * *

ಮಿಲಿಟರಿ ಪೊಲೀಸಿನ ಸಾರ್ಜೆಂಟ್ ಪ್ರುಯಿಟ್ ಕಡಿಮೆ ಮಾತಿನ ಹೆಂಗಸು. ಊಟದ ಸಭಾಂಗಣದ ಹಾಜರಿ ಹಾಳೆ ತರಿಸಿದಳು. ಕಚೇರಿಯ ಎಲ್ಲರ ಸಹಿಯೂ ಅದರಲ್ಲಿತ್ತು, ಒಬ್ಬನದರ ಹೊರತು. ಗುಮಾಸ್ತ ಹೆಕ್ಟರ್ ಬರೇಲಾ ಊಟಕ್ಕೆ ಹೋಗಿರಲಿಲ್ಲ. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಆದರೆ ಅವನು ಕೆಳಗಿನ ಕೋಣೆಯಲ್ಲಿ ಕೂತು, ಹನ್ನೆರಡರಿಂದ ಎರಡರವರೆಗೆ ಕೇಂದ್ರ ಕಚೇರಿಯವರ ಜೊತೆ ಫೋನಿನಲ್ಲಿ ಲೆಕ್ಕ ತಾಳೆ ನೋಡುತ್ತಿದ್ದ. ಆ ಕಡೆಯಲ್ಲಿದ್ದ ನಾಲ್ವರೂ ಹೌದೆಂದರು.

ಇನ್ನು ಸಭಾಂಗಣ ಬಿಟ್ಟು ಎದ್ದದ್ದು ಜನ ಕಂಡಿದ್ದು ವರ್ನಾ ಒಬ್ಬಳನ್ನೇ. ಭಾಷಣದ ಅತಿಥಿಯನ್ನು ಕರೆತರಲು ಗೇಟಿನ ಹತ್ತಿರ ಇಪ್ಪತ್ತು ನಿಮಿಷ ನಿಂತಿದ್ದಳು. ಕಚೇರಿ ದಾರಿಯಲ್ಲೇ ಇತ್ತು.

ಶುಕ್ರವಾರ ಶಾಖೆಯ ಅಧ್ಯಕ್ಷ ಕರ್ನಲ್ ಬುಲಕ್ ಅವಳನ್ನು ಕರೆಸಿದ. ಮೇಜಿನ ಮೇಲೆ ರಾಜೀನಾಮೆ ಪತ್ರ ಸಿದ್ಧವಾಗಿತ್ತು. ಪಕ್ಕದಲ್ಲಿ ವರ್ನಾಳ ಕಚೇರಿಯವನೇ ಆದ ಉಪಾಧ್ಯಕ್ಷ ಗ್ಯಾರೆಟ್ ಲಿಂಡ್‌ಹೋಮ್ ಕೂತಿದ್ದ. ಕರ್ನಲ್ ನೆಲ ನೋಡುತ್ತ ಹೇಳಿದ್ದು ಇಷ್ಟು: ಹಣ ಕಟ್ಟಿ ಸಹಿ ಹಾಕಿದರೆ ವಿಷಯ ಇಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಮಂಗಳವಾರ ಮೇಲಕ್ಕೆ ವರದಿ ಹೋಗುತ್ತದೆ. ಅಲ್ಲಿಗೆ ನೌಕರಿಯೂ ಹೋಗುತ್ತದೆ.

"ಯಾರಿಗಾದ್ರೂ ಕೈ ತಪ್ಪತ್ತೆ ವರ್ನಾ," ಎಂದ ಗ್ಯಾರೆಟ್, ಅನುನಯದಿಂದ. "ಕಟ್ಟಿಬಿಡಿ. ಗೌರವದಿಂದ ಮನೆಗೆ ಹೋಗ್ಬಹುದು."

"ಕದಿಯದ ದುಡ್ಡು ಕಟ್ಟಿದ್ರೆ ಕದ್ದೆ ಅಂತ ನಾನೇ ರಸೀದಿ ಬರಕೊಟ್ಟ ಹಾಗೆ," ಎಂದಳು ವರ್ನಾ. "ಒಂದು ಸೆಂಟೂ ಕಟ್ಟಲ್ಲ. ಸಹಿ ಬೇಕಾದ್ರೆ ನೀವಿಬ್ರೂ ಹಾಕ್ಕೊಳ್ಳಿ."

ಪತ್ರವನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡು ಬಂದಳು.

ಮನೆಯಲ್ಲಿ ಗಂಡ ಎಲ್ಡನ್ ಎಲ್ಲವನ್ನೂ ಕೇಳಿ, ಎರಡು ಹೋರಿ ಮಾರಿದರೆ ಆಗುತ್ತದಲ್ಲ ಎಂದ. ಅವಳು ನೋಡಿದ ನೋಟಕ್ಕೆ ಮತ್ತೆ ಆ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಗುರುವಾರ ನನ್ನದೂ ಒಂದು ತಪ್ಪಾಯ್ತು ಕಣೇ," ಎಂದ. ಕೆಂಪು ಬಿತ್ತನೆ ಯಂತ್ರವನ್ನು ಆಚೆ ಹೊಲಕ್ಕೆ ಎಳೆದುಕೊಂಡು ಹೋಗುವಾಗ ರಸ್ತೆಯ ತುಂಬ ಅದೇ ಆಗಿ, ಹಿಂದೆ ಒಂದು ಕಾರು ಮೈಲುಗಟ್ಟಲೆ ತೆವಳಿತಂತೆ. ಅದರಲ್ಲಿದ್ದವನೇ ಆ ದಿನದ ಅತಿಥಿ.

* * *

ಸೋಮವಾರ ವರ್ನಾಳ ಮೇಜಿಗೆ ಸದಸ್ಯರ ತರಬೇತಿ ಹಾಳೆಗಳು ಬಂದವು. ಮೇಲಿನಿಂದ ಆದೇಶ ಬರುವ ತನಕ ಅವಳೇ ಖಜಾಂಚಿ. ಅವಳೇ ನೋಡಿ ಮುದ್ರೆ ಒತ್ತಬೇಕು. ಈ ವೃತ್ತಿಯ ಅರ್ಹತಾಪತ್ರ ಉಳಿಯಬೇಕಾದರೆ ಪ್ರತಿವರ್ಷ ಇಷ್ಟು ಗಂಟೆ ಪಾಠ ಕೇಳಿರಬೇಕು. ಐವತ್ತು ನಿಮಿಷ ಕೂತರೆ ಒಂದು ಗಂಟೆ ಎಂದು ನಿಯಮ. ಗುರುವಾರದ ಭಾಷಣಕ್ಕೆ ಎರಡು ಗಂಟೆ ಎಂದು ಹಾಳೆಯಲ್ಲಿ ಮೊದಲೇ ಅಚ್ಚಾಗಿತ್ತು.

ಅವಳು ಒಂದೊಂದಾಗಿ ತಿರುವಿದಳು. ಮೊದಲನೆಯವರು ಎರಡನ್ನು ಹೊಡೆದು ಒಂದು ಎಂದು ಬರೆದು ಪಕ್ಕದಲ್ಲಿ ಸಹಿ ಹಾಕಿದ್ದರು. ಎರಡನೆಯವರೂ ಹಾಗೇ. ಕರ್ನಲ್ ಬುಲಕ್‌ನದೂ ಹಾಗೇ. ಜೀವಮಾನವಿಡೀ ಪರರ ಖರ್ಚಿನ ಬಿಲ್ಲು ಕತ್ತರಿಸಿದ ಜನ, ತಮ್ಮದನ್ನು ಬಿಡುತ್ತಾರೆಯೇ? ಯಾರೂ ಹೇಳಿಕೊಡದೆ ಮೂವತ್ತೆಂಟು ಹಾಳೆಗಳಲ್ಲೂ ಅದೇ ತಿದ್ದುಪಡಿ.

ಮೂವತ್ತೊಂಬತ್ತನೆಯದರಲ್ಲಿ ತಿದ್ದುಪಡಿ ಇರಲಿಲ್ಲ.

ವರ್ನಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಸಾರ್ಜೆಂಟ್ ಪ್ರುಯಿಟ್‌ಗೆ ಫೋನು ಮಾಡಿದಳು.

* * *

ಮಂಗಳವಾರ ಕರ್ನಲ್‌ನ ಕೋಣೆಯಲ್ಲಿ ನಾಲ್ವರು. ಬಾಗಿಲ ಬಳಿ ಸಾರ್ಜೆಂಟ್.

"ಗ್ಯಾರೆಟ್, ಗುರುವಾರ ಪೂರ್ತಿ ಸಭಾಂಗಣದಲ್ಲೇ ಇದ್ರಿ ಅಲ್ವಾ?" ಎಂದಳು ವರ್ನಾ.

"ಸಹಿ ಇದೆಯಲ್ಲ."

"ಸಹಿ ಊಟಕ್ಕೆ ಮುಂಚೆ ಹಾಕಿದ್ದು. ತರಬೇತಿ ಹಾಳೇಲಿ ಎರಡು ಗಂಟೆ ಅಂತ ಹಾಗೇ ಬಿಟ್ಟಿದ್ದೀರಿ."

"ಭಾಷಣ ಎರಡು ಗಂಟೇದು. ಅಚ್ಚು ಮಾಡಿಸಿದ್ದು ನೀವೇ."

ಕರ್ನಲ್ ತಲೆಯೆತ್ತಿದ.

"ಅತಿಥಿ ಬಾಯಿ ತೆಗೆದ ಕೂಡ್ಲೆ ಇಡೀ ಸಭೆ ನಕ್ತು. ಯಾಕೆ?"

ಗ್ಯಾರೆಟ್ ಕರ್ನಲ್ ಕಡೆ ನೋಡಿದ. "ಏನೋ ಜೋಕು. ಯಾರಿಗೆ ನೆನಪಿರತ್ತೆ."

"ನನಗಿದೆ," ಎಂದ ಕರ್ನಲ್ ಮೆಲ್ಲಗೆ. "ಐವತ್ತು ನಿಮಿಷ ತಡವಾಗಿ ಬಂದ. ದಾರಿಯುದ್ದಕ್ಕೂ ಒಂದು ಕೆಂಪು ಬಿತ್ತನೆ ಯಂತ್ರದ ಬೆನ್ನು ನೋಡ್ತಾ ಬಂದೆ ಅಂದ. ಅದು ಯಾರದು ಅಂತ ಎಲ್ರಿಗೂ ಗೊತ್ತಿತ್ತು. ಅದಕ್ಕೇ ನಕ್ಕಿದ್ದು."

ವರ್ನಾ ಬಿಡಿಸಿ ಹೇಳಿದಳು. ಅತಿಥಿ ಬರುವ ಮೊದಲೇ ಗ್ಯಾರೆಟ್ ಸಹಿ ಹಾಕಿ, ತಟ್ಟೆ ಹಿಡಿದು, ಅಡುಗೆಮನೆಯ ಬಾಗಿಲಿಂದ ಹೊರಬಿದ್ದಿದ್ದ. ಸ್ವೆಟರಿನಿಂದ ಬೀಗದ ಕೈ ತೆಗೆದು, ಕೆಲಸ ಮುಗಿಸಿ, ಅಲ್ಲೇ ಹಾಕಿದ್ದ. ಮತ್ತೆ ಸಭೆಗೆ ಬರಲಿಲ್ಲ. ಎರಡು ಗಂಟೆಯಿಂದ ಕಚೇರಿಯಲ್ಲೆಲ್ಲ ಕಳವಿನದೇ ಮಾತು. ಅತಿಥಿ ತಡಮಾಡಿದ್ದನ್ನು ಯಾರೂ ಎತ್ತಲೇ ಇಲ್ಲ. ನೂರು ನಿಮಿಷದ ಭಾಷಣ ಐವತ್ತಕ್ಕಿಳಿದು ಆ ದಿನದ ಗಂಟೆ ಒಂದೇ ಆಯಿತೆಂಬುದು ಕೂತವರಿಗೆ ಮಾತ್ರ ಗೊತ್ತು.

ಸಾರ್ಜೆಂಟ್ ಬೆಳಿಗ್ಗೆಯೇ ಅನುಮತಿ ಪಡೆದು ಗ್ಯಾರೆಟ್‌ನ ಟ್ರಕ್ಕು ಶೋಧಿಸಿದ್ದಳು. ಮೀನಿನ ಗಾಳ ಇಡುವ ಡಬ್ಬಿಯನ್ನು ಈಗ ಮೇಜಿನ ಮೇಲೆ ತೆರೆದಳು. ಕಂದು ಕಾಗದದ ಪಟ್ಟಿ ಸುತ್ತಿದ ಕಂತೆಗಳು. ಮೇಲೆ ವರ್ನಾಳ ಅಕ್ಷರ.

ಹೊಸ ದೋಣಿಯ ಮೂರು ಕಂತು ಬಾಕಿಯಿತ್ತು ಎಂದ ಗ್ಯಾರೆಟ್.

* * *

ಕೋಣೆಯಲ್ಲಿ ಇಬ್ಬರೇ ಉಳಿದಾಗ ಕರ್ನಲ್, ಎಲ್ಲೋ ಸ್ವಲ್ಪ ತಪ್ಪು ತಿಳುವಳಿಕೆ ಆಯಿತು ಎಂದ.

ವರ್ನಾ ಕೈಚೀಲದಿಂದ ಆ ಪತ್ರ ತೆಗೆದು, ಮಡಿಕೆ ಬಿಡಿಸಿ, ಅವನ ಮುಂದಿಟ್ಟಳು.

"ಅಷ್ಟು ಮಾತು ಪೂರ್ತಿ ಸಂದಾಯ ಅಲ್ಲ ಸರ್. ನೀವು ನನ್ನನ್ನ ಕಳ್ಳಿ ಅಂದ್ಕೊಂಡಿದ್ದು ಇಡೀ ಶಾಖೆಗೆ ಗೊತ್ತು. ಮುಂದಿನ ಊಟದಲ್ಲಿ ನಿಂತು ಹೇಳಿ. ನಡಾವಳಿ ಪುಸ್ತಕದಲ್ಲಿ ನಾನೇ ಬರ್ಕೋತೀನಿ."

"ಅಕ್ಟೋಬರ್‌ನಲ್ಲಾ? ಅದು ಮುಂದಿನ ವರ್ಷದ ಲೆಕ್ಕ ಆಗತ್ತಲ್ಲ ವರ್ನಾ," ಎಂದು ಕರ್ನಲ್ ನಗಲು ನೋಡಿದ.

"ಹಳೇ ಬಾಕಿ ಅಂತ ಮುಂದಕ್ಕೆ ಎಳ್ಕೋತೀನಿ."

ಸ್ವೆಟರು ಹಾಕಿಕೊಂಡು, ಬೀಗದ ಕೈ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿ, ತನ್ನ ಮೇಜಿಗೆ ಹೋದಳು. ಮೂವತ್ತೆಂಟು ಹಾಳೆಗಳಿಗೆ ಇನ್ನೂ ಮುದ್ರೆ ಒತ್ತುವುದಿತ್ತು.