ಮುಹೂರ್ತಕ್ಕೆ ಯಾರೂ ಕೂತಿರುವುದಿಲ್ಲ

"ಮೇಡಂ, ಈ ಛತ್ರದ ವೈಫೈ ಸೆಟ್ ಮಾಡಿದ ಮಹಾನುಭಾವರು ಯಾರು?"

ಕಚೇರಿಯ ಬಾಗಿಲಲ್ಲಿ ನಿಂತಿದ್ದವನ ಹೆಗಲ ಮೇಲೆ ನೀಲಿ ಕೇಬಲಿನ ಸುರುಳಿ, ಕೂದಲಲ್ಲಿ ಸೇವಂತಿಗೆಯ ಎಸಳು. ನೆಟ್‌ವರ್ಕ್ ಕಂಪನಿಯಿಂದ ಬಂದಿದ್ದ ಶಿವರಾಮ್. ಆ ದಿನ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಲೈವ್ ವಿಡಿಯೋ ನಿಂತುಹೋಗಿತ್ತು. ಸೊಂಟ ಮುರಿದು ವಸಂತಪುರದ ಮನೆಯಲ್ಲೇ ಉಳಿದಿದ್ದ ಹುಡುಗಿಯ ಅಜ್ಜಿ ಏನನ್ನೂ ನೋಡಲಿಲ್ಲ.

"ನಾನೇ," ಎಂದೆ.

"ಓ. ಸಾರಿ. ಚೆನ್ನಾಗೇ ಮಾಡಿದ್ದೀರಿ. ಆದ್ರೆ ಕುರ್ಚಿ ನೋಡ್ಕೊಂಡು ಮಾಡಿದ್ದೀರಿ."

ನನ್ನ ಕಂಪ್ಯೂಟರಿನಲ್ಲಿ ಛತ್ರದ ನಕ್ಷೆ ತೆರೆದಿತ್ತು. ಸೀಲಿಂಗಿನಲ್ಲಿರುವ ಒಂದೊಂದು ವೈಫೈ ಪೆಟ್ಟಿಗೆಗೂ ಒಂದು ಚುಕ್ಕೆ. ಅದರ ಕೆಳಗೆ ಆ ಪೆಟ್ಟಿಗೆಯನ್ನು ಹಿಡಿದುಕೊಂಡ ಫೋನುಗಳ ಸಂಖ್ಯೆ. ಚೆನ್ನಾಗಿದ್ದರೆ ಹಸಿರು, ಭಾರ ಹೆಚ್ಚಾದರೆ ಹಳದಿ, ಕೆಟ್ಟು ನಿಂತರೆ ಕೆಂಪು. ಒಂದರ ಪವರ್ ಏರಿಸಿ, ಇನ್ನೊಂದರದು ಇಳಿಸಿ, ಕುರ್ಚಿಯ ಸಾಲುಗಳಿಗೆಲ್ಲ ಸಮನಾಗಿ ಹಂಚಿದ್ದೆ.

"ಮುಹೂರ್ತಕ್ಕೆ ಯಾರು ಮೇಡಂ ಕೂತಿರ್ತಾರೆ? ಎಲ್ರೂ ಅಕ್ಷತೆ ಹಿಡ್ಕೊಂಡು ಮಂಟಪಕ್ಕೆ ನುಗ್ತಾರೆ. ನೀವು ಮದುವೇನೇ ನೋಡಿಲ್ವಾ?"

"ನೋಡಿದ್ದೀನಿ. ಒಂದು. ನಂದು."

ಅವನು ನಕ್ಕ. ನಾನು ನಗಲಿಲ್ಲವಾದ್ದರಿಂದ ಅವನೂ ನಿಲ್ಲಿಸಿದ.

ನನ್ನ ಗಂಡ ರಾಮಪ್ರಸಾದ್ ತೀರಿಕೊಂಡ ಮೇಲೆ ಸಾರಕ್ಕಿಯ ಈ ಛತ್ರದಲ್ಲಿ ಕೆಲಸಕ್ಕೆ ಸೇರಿದೆ. ಬುಕಿಂಗ್ ನನ್ನದು. ಎಂಜಿನಿಯರಿಂಗ್ ಓದಿದ್ದರಿಂದ ನೆಟ್‌ವರ್ಕೂ ನನ್ನದಾಯಿತು. ಮೊದಲ ದಿನವೇ ಒಡತಿ ಮುನಿವೆಂಕಟಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದ್ದರು: "ಮುಹೂರ್ತದ ಹೊತ್ತಲ್ಲಿ ಒಳಗೇ ಇರು ತಾಯಿ. ಬಂದೋರು ಯಾರಾದ್ರೂ ಒಂದ್ ಮಾತು ಅಂದ್ಬುಟ್ರೆ ನನ್ ಕೈಲಿ ತಡ್ಕಳಕ್ಕಾಗಲ್ಲ."

ಅದು ಪ್ರೀತಿಯ ಮಾತೇ. ನಾನು ಬಾಗಿಲು ಹಾಕಿಕೊಂಡೆ. ಆಮೇಲೆ ತೆರೆಯಬೇಕು ಅನ್ನಿಸಲಿಲ್ಲ.

ಅಂದಿನಿಂದ ಪ್ರತಿ ಮದುವೆಗೂ ಶಿವರಾಮ್ ಬರತೊಡಗಿದ. ಅವನು ಹಾಲ್‌ನಲ್ಲಿ, ನಾನು ನಕ್ಷೆಯ ಮುಂದೆ, ನಡುವೆ ಫೋನು.

"ಮಂಟಪ ಹಳದಿ ಆಯ್ತು," ಎನ್ನುತ್ತಿದ್ದೆ.

"ಆಗ್ದೆ ಇನ್ನೇನು. ಹುಡುಗ ಪಂಚೆ ತುಳಿದು ಬೀಳೋ ಹಾಗಾದ. ಎಲ್ರೂ ವಿಡಿಯೋ ಮಾಡ್ತಿದ್ದಾರೆ."

"ಎಡಗಡೆ ಕಂಬದ್ದು ಏರಿಸ್ತೀನಿ."

"ಏರ್ಸಿ. ಹುಡುಗಿ ನಗು ತಡ್ಕೊಳ್ತಿದ್ದಾಳೆ. ಪಾಪ, ಆಗ್ತಿಲ್ಲ."

ಮುಚ್ಚಿದ ಕೋಣೆಯಲ್ಲಿ ಒಬ್ಬಳೇ ನಗುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಅವನ ಊಟದ ಜವಾಬ್ದಾರಿ ನಾನು ಹೊತ್ತೆ. "ಊಟದ ಹಾಲ್ ತುಂಬ್ತಾ ಇದೆ, ಮೊದಲ ಪಂಕ್ತಿಗೆ ಓಡಿ."

ನಕ್ಷೆಯಲ್ಲಿ ಯಾವ ಫೋನಿಗೆ ಬೇಕಾದರೂ ಹೆಸರಿಡಬಹುದು. ಅವನದಕ್ಕೆ 'ಕೇಬಲ್' ಎಂದಿಟ್ಟಿದ್ದೆ. ಊಟದ ಹಾಲ್ ಬಿಟ್ಟು, ಓಣಿ ದಾಟಿ, ಕಚೇರಿಯ ಚುಕ್ಕೆಗೆ ಆ ಹೆಸರು ಬರುವಷ್ಟರಲ್ಲಿ ನಾನು ಕೂದಲು ಸರಿ ಮಾಡಿಕೊಂಡಿರುತ್ತಿದ್ದೆ. ಅವನ ಕೈಯಲ್ಲಿ ಬಾಳೆಲೆಯ ತುಂಡು, ಅದರಲ್ಲಿ ಚಿರೋಟಿ.

"ಇದ್ಯಾರು ಕೇಬಲ್?" ಒಂದು ದಿನ ಬಗ್ಗಿ ನೋಡಿದ.

"ಯಾರೋ."

"ತುಂಬಾ ಓಡಾಡ್ತಾನೆ."

"ಹೂಂ. ಊಟ ಇರೋ ಕಡೆ."

ಅವನ ನೋಟ ಪರದೆಯಿಂದ ನನ್ನ ಕೂದಲಿಗೆ ಬಂತು. "ಅದಕ್ಕೇ ನಾನು ಬಾಗಿಲು ತಟ್ಟೋ ಮುಂಚೆನೇ ತಲೆ ಬಾಚಿರುತ್ತೆ."

ನಾನು ಚಿರೋಟಿ ತಿನ್ನುವುದರಲ್ಲಿ ಮಗ್ನಳಾದೆ. ಪುಡಿಯೆಲ್ಲ ಕೀಬೋರ್ಡಿನ ಮೇಲೆ ಬಿತ್ತು.

"ಈ ಒಂದು ಫೋನ್ ಮಾತ್ರ ಕಚೇರಿ ಬಿಟ್ಟು ಅಲ್ಲಾಡೋದೇ ಇಲ್ಲ," ಎಂದ ಮೆಲ್ಲಗೆ. ಅದು ನನ್ನದು. ಕಾರಣವನ್ನು ಅವನು ನನ್ನನ್ನು ಕೇಳಲಿಲ್ಲ. ಮುನಿವೆಂಕಟಮ್ಮನನ್ನು ಕೇಳಿದ್ದನಂತೆ.

ಆಷಾಢ ಹತ್ತಿರ ಬಂತು. ಅದಕ್ಕೆ ಮುಂಚೆ ಇನ್ನೊಂದೇ ಮದುವೆ ಉಳಿದಿತ್ತು.

"ಶ್ರಾವಣಕ್ಕೆ ಬೇರೆಯವರು ಬರ್ತಾರೆ," ಎಂದ ಹಿಂದಿನ ಸಂಜೆ. "ನನ್ನನ್ನ ಮಡಿವಾಳದ ಕಡೆ ಹಾಕಿದ್ದಾರೆ."

"ಒಳ್ಳೇದು."

"ಒಳ್ಳೇದಾ?"

ನಾನು ಮೌಸ್ ಅಲ್ಲಾಡಿಸಿದೆ. ನಕ್ಷೆಯಲ್ಲಿ ಸರಿ ಮಾಡಲು ಏನೂ ಇರಲಿಲ್ಲ.

"ನಾಳೆ ಮುಹೂರ್ತಕ್ಕೆ ಹಾಲ್‌ಗೆ ಬನ್ನಿ. ನಾನು ಫೋನಲ್ಲಿ ಹೇಳೋದ್ರಲ್ಲಿ ಅರ್ಧ ಬಿಟ್ಟುಹೋಗುತ್ತೆ. ಬಂದ್ರೆ ಒಂದು ಮಾತು ಕೇಳ್ತೀನಿ. ಈ ರೂಮಲ್ಲಿ ಕೇಳಲ್ಲ." ಸುರುಳಿ ಹೆಗಲಿಗೇರಿಸಿಕೊಂಡು ಹೋದ. "ಬರದಿದ್ರೂ ಬೇಜಾರಿಲ್ಲ," ಎಂದು ಓಣಿಯಿಂದ ಕೂಗಿದ. ಬೇಜಾರಿರುವವರು ಕೂಗುವ ಹಾಗೆ.

ಮರುದಿನ ಫೋನ್ ಬರಲಿಲ್ಲ. ನಕ್ಷೆಯಲ್ಲಿ ಕುರ್ಚಿಗಳು ಖಾಲಿಯಾಗಿ ಮಂಟಪದ ಸಂಖ್ಯೆ ಏರತೊಡಗಿತು. ಎದ್ದು ನಿಂತ ಜನರಿಗಾಗಿ ಎಲ್ಲವನ್ನೂ ಹೊಸದಾಗಿ ಹೊಂದಿಸಿದ್ದೆ. ಎಲ್ಲ ಹಸಿರು. ನಾನು ಕೂತು ಮಾಡುವ ಕೆಲಸ ಒಂದೂ ಉಳಿದಿರಲಿಲ್ಲ.

ಎದ್ದೆ.

ಹಾಲ್ ಬಾಗಿಲಲ್ಲಿ ಮುನಿವೆಂಕಟಮ್ಮ ಅಕ್ಷತೆಯ ತಟ್ಟೆ ಹಿಡಿದು ನಿಂತಿದ್ದರು. ಅವರನ್ನು ಕಂಡು ನನ್ನ ಕಾಲು ನಿಂತಿತು.

"ನಿಂತ್ಕಂಡು ಏನ್ ನೋಡ್ತೀಯ? ಕೈ ಒಡ್ಡು."

"ಯಾರಾದ್ರೂ ಏನಾದ್ರೂ ಅಂದ್ರೆ?"

"ಅನ್ಲಿ. ಛತ್ರ ನಂದು." ಬೊಗಸೆ ತುಂಬಿ ಚೆಲ್ಲುವಷ್ಟು ಸುರಿದರು. ಅವರ ಕಣ್ಣು ಒದ್ದೆಯಾಗಿತ್ತು. "ಆ ಹುಡುಗ ಬೆಳಗ್ಗಿಂದ ಕಾಫೀನೂ ಕುಡ್ದಿಲ್ಲ. ಹೋಗು."

ಅವನು ಕಂಬದ ಪಕ್ಕ ನನಗೆ ಬೆನ್ನು ಹಾಕಿ, ಟ್ಯಾಬ್ ನೋಡುತ್ತ ನಿಂತಿದ್ದ. ನಾನು ಹತ್ತಿರ ಬಂದೆ. ಅವನ ಹೆಗಲು ಒಮ್ಮೆಲೇ ಸಡಿಲವಾಯಿತು.

"ಬಂದ್ರಿ," ಎಂದ, ತಿರುಗದೆಯೇ.

"ಹೇಗೆ ಗೊತ್ತಾಯ್ತು?"

ಟ್ಯಾಬನ್ನು ನನ್ನ ಕಡೆ ವಾಲಿಸಿದ. ಅದರಲ್ಲೂ ಅದೇ ನಕ್ಷೆ. ಮಂಟಪದ ನೂರಾರು ಫೋನುಗಳ ನಡುವೆ ನನ್ನ ಹೆಸರು, 'ಸುರಭಿ'. ಕಚೇರಿಯ ಚುಕ್ಕೆಯ ಕೆಳಗೆ ಸೊನ್ನೆ.

"ಏನೋ ಕೇಳ್ಬೇಕು ಅಂದಿದ್ರಿ."

"ಶ್ರಾವಣದಲ್ಲಿ ಛತ್ರ ಯಾವತ್ತಾದ್ರೂ ಖಾಲಿ ಇದೆಯಾ?" ಅವನ ಕಿವಿ ಕೆಂಪಗಾಗಿತ್ತು.

"ಯಾರ ಮದುವೆಗೆ?"

"ಕೇಬಲ್ ಅಂತ ಒಬ್ಬ ಇದ್ದಾನೆ."

"ಹುಡುಗಿ ಒಪ್ಪಿದ್ದಾಳಾ?"

"ಅದೇ ಕೇಳ್ತಾ ಇದ್ದೀನಿ."

ಗಟ್ಟಿಮೇಳ ಮೊಳಗಿತು. ಎಲ್ಲರ ಕೈಗಳೂ ಮೇಲೆದ್ದವು. ನಾನೂ ಎಸೆದೆ, ಮಂಟಪ ದೂರವಿತ್ತು, ಅರ್ಧ ಅಕ್ಷತೆ ಅವನ ತಲೆಯ ಮೇಲೆಯೇ ಬಿತ್ತು.

"ಆಷಾಢ ಪೂರ್ತಿ ಕಾಫಿ ಕುಡಿಸ್ಲಿ," ಎಂದೆ. "ಆಮೇಲೆ ಹೇಳ್ತಾಳೆ."

ಅಕ್ಷತೆ ಕೊಡವಿಕೊಳ್ಳದೆ ನಗುತ್ತ ನಿಂತಿದ್ದ.

ಶ್ರಾವಣದ ಕೊನೆಯ ಭಾನುವಾರ ಖಾಲಿಯಿತ್ತು. ಮಾರನೆಯ ದಿನವೇ ಜೆ.ಪಿ. ನಗರದ ಒಬ್ಬರು ಅದನ್ನು ಕೇಳಿಕೊಂಡು ಬಂದರು.

ಬುಕ್ ಆಗಿದೆ ಸಾರ್, ಎಂದೆ.